17 ಅಂತೆ! ಯಾವ ಸೀಮೆಯ 17 ಅದು? ರೈತ ಯಜ್ಜ ಮಾರುಕಟ್ಟೆಗೆ ತಂದ ಗೋವಿನಜೋಳದಲ್ಲಿ, ಅಂದರೆ ಮೆಕ್ಕೆಜೋಳದಲ್ಲಿ, ನೂರಕ್ಕೆ 17 ತೇವ ಇದೆ ಅಂತ ಖರೀದಿಗೆ ಬಂದ ಹುಡುಗನ ಮೀಟರ್ ಹೇಳಿತಂತೆ. ಅಲ್ಲ, ಹಲ್ಲಲ್ಲಿ ಕಡಿದು ನೋಡಿದ ಯಜ್ಜನಿಗೆ ಅವನು ಅಂದಿದ್ದು:

"ನಿನ್ನ ಹಲ್ಲಿಗೇ ಒಂದು ಬ್ಯಾಟರಿ ಹಾಕಸು ಯಜ್ಜಾ, ನಾವು ಮಷಿನ್ ಮನೀಗೆ ಒಯ್ತೀವಿ."

ಹೀಗಂದವನಿಗೆ ಇನ್ನೂ ಮೀಸೆ ಸರಿಯಾಗಿ ಮೂಡಿಲ್ಲ. ಅನ್ನಿಸಿಕೊಂಡವರ ವಯಸ್ಸು ಎಪ್ಪತ್ತರ ಮೇಲೆ. ಹಮಾಲರು ನಕ್ಕರು, ದಲಾಲಿ ಅಂಗಡಿಯ ಗುಮಾಸ್ತ ನಕ್ಕ, ಕೊನೆಗೆ ಯಜ್ಜನೂ ನಕ್ಕರು. ಆ ಕೊನೆಯ ನಗು ನೋಡಿಯೇ ತಲೆ ಕೆಟ್ಟಿರೋದು. ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಯಜ್ಜ ಮಾಡಿದ್ದಾದರೂ ಏನು? ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದರು. ಕಟ್ ಅಂತ ಸದ್ದು ಬಂತು. ಹಸಿ ಗೋವಿನಜೋಳ ಕಟ್ ಅನ್ನಲ್ಲ, ಹಲ್ಲಿಗೆ ಮೆತ್ತಗೆ ಸಿಗುತ್ತೆ. "ಹದಿನಾಕು, ಭಾಳಂದ್ರ ಹದಿನೈದು ಇದ್ದೀತು ಸಾಹುಕಾರ್ರ, ಹದಿನೇಳು ಇಲ್ಲ" ಅಂದರು. ಸಾಹುಕಾರ್ರ! ಆ ಹುಡುಗನಿಗೆ! ಅದಕ್ಕೆ ಬಂದ ಉತ್ತರ ಮೇಲೆ ಬರೆದಿದ್ದೀನಿ.

ಅವನು ಮೀಟರ್ ಹಿಡಿದ ಚಂದ ಕೇಳಿ. ಮಧ್ಯಾಹ್ನದ ಬಿಸಿಲಲ್ಲಿ ಟ್ರ್ಯಾಕ್ಟರ್ ಮೇಲೆ ಕಾದ ಚೀಲ. ಮೊದಲ ಚೀಲದ ಬಾಯಿಂದ ಒಂದೇ ಹಿಡಿ ತೆಗೆದ. ಮೀಟರಿನ ಕಪ್ಪಿಗೆ ಸುರಿದ, ಮೇಲೆ ಸಮ ಮಾಡಲಿಲ್ಲ, ಗುಂಡಿ ಒತ್ತಿದ, "ಸೆವೆಂಟೀನ್" ಅಂದ, ಆಫ್ ಮಾಡಿದ. ಅಂಕಿ ಯಜ್ಜನಿಗೆ ತೋರಿಸಲಿಲ್ಲ, ಯಾರಿಗೂ ತೋರಿಸಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಅದೇ ಮೀಟರಲ್ಲಿ ಭತ್ತ ನೋಡಿದ್ದ. ಬೆಳೆ ಬದಲಾಯಿಸಿದನಾ? ದೇವರಿಗೇ ಗೊತ್ತು.

ಈ ಮೀಟರ್ ನೀರನ್ನು ಅಳೆಯಲ್ಲ. ಕಾಳಿನ ವಿದ್ಯುತ್ ಗುಣ ಅಳೆದು, ಒಳಗಿರುವ ಪಟ್ಟಿ ನೋಡಿ, ತೇವ ಇಷ್ಟಿರಬೇಕು ಅಂತ ಹೇಳುತ್ತೆ, ಅಷ್ಟೇ. ಭತ್ತಕ್ಕೆ ಒಂದು ಪಟ್ಟಿ, ಗೋವಿನಜೋಳಕ್ಕೆ ಇನ್ನೊಂದು. ಪಟ್ಟಿ ತಪ್ಪಿದರೆ ಅಂಕಿ ತಪ್ಪುತ್ತೆ. ಕಾಳು ಕಾದಿದ್ದರೂ ತಪ್ಪುತ್ತೆ, ಮೇಲೆ ಇಬ್ಬನಿ ಕೂತಿದ್ದರೂ ತಪ್ಪುತ್ತೆ. ಸರಿಯಾಗಿ ನೋಡಬೇಕು ಅಂದರೆ ನಾಲ್ಕಾರು ಚೀಲದ ಮೇಲೆ, ನಡುವೆ, ತಳದಿಂದ ಕಾಳು ತೆಗೆದು ಕಲಸಬೇಕು, ದೂಳು ಕಸ ಜಾಡಿಸಬೇಕು, ನೆರಳಲ್ಲಿ ಸ್ವಲ್ಪ ಹೊತ್ತು ಆರಲು ಬಿಡಬೇಕು, ಮೂರು ಸಲ ಅಳೆದು ಸರಾಸರಿ ಹಿಡಿಯಬೇಕು. ಎಲ್ಲಾ ಸೇರಿ ಕಾಲು ಗಂಟೆಯ ಕೆಲಸ. ಯಜ್ಜ ಬೆಳಗ್ಗೆಯಿಂದ ಕಾಯ್ತಾ ಇದ್ದರು. ಇನ್ನು ಕಾಲು ಗಂಟೆಗೆ ಯಾರ ಗಂಟು ಹೋಗ್ತಿತ್ತು?

ಈಗ ದುಡ್ಡಿನ ವಿಷಯಕ್ಕೆ ಬರ್ತೀನಿ. ಟೆಂಡರಲ್ಲಿ ಬಿದ್ದ ರೇಟು ಕ್ವಿಂಟಲಿಗೆ 1,850. ಯಜ್ಜ ಒಪ್ಪಿ, ಮಾಲು ಇಳಿಸಿದ ಮೇಲೆ ಈ ಮೀಟರ್ ನಾಟಕ. 17 ಬಂತು ಅಂತ ರೇಟು 1,680ಕ್ಕೆ ಇಳೀತು. ಅದರ ಮೇಲೆ ಕ್ವಿಂಟಲಿಗೆ 2 ಕೆಜಿ ಸೂಟು, ಅಂದರೆ ತೂಕದಲ್ಲೇ ಕಡಿತ.

ಆಯ್ತಪ್ಪಾ, 17 ಅಂತಲೇ ಒಪ್ಪಿಕೊಳ್ಳೋಣ. 17 ತೇವದ 100 ಕೆಜಿಯಲ್ಲಿ ಒಣ ಪದಾರ್ಥ 83 ಕೆಜಿ. ಅದನ್ನು ಒಣಗಿದ ಮಾಲು ಅನ್ನೋ 14ರ ತೇವಕ್ಕೆ ಒಣಗಿಸಿದರೆ 83 ಭಾಗಿಸು 0.86, ಅಂದರೆ 96.5 ಕೆಜಿ. ಕ್ವಿಂಟಲಿಗೆ ಮೂರೂವರೆ ಕೆಜಿ ನೀರು. 1,850ರ ಲೆಕ್ಕದಲ್ಲಿ 65 ರೂಪಾಯಿ. ಅಷ್ಟು ಕಡಿಯಲಿ, ಯಾರೂ ತಕರಾರು ಮಾಡಲ್ಲ. ಇವರು ಕಡಿದಿದ್ದು? ರೇಟಲ್ಲಿ 170, ಸೂಟಿನಲ್ಲಿ ಇನ್ನೊಂದು 34. ಒಟ್ಟು 204. ನೀರಿನ 65 ಕಳೆದರೆ ಉಳಿದ 139 ಯಾವ ಬಾಬ್ತು? 60 ಕ್ವಿಂಟಲ್ ಮಾಲು ಅದು. 8,340 ರೂಪಾಯಿ, ಒಂದು ಗುಂಡಿ ಒತ್ತಿದ್ದಕ್ಕೆ.

ಬೇಡ ಅಂದು ವಾಪಸ್ ತರಬಹುದಿತ್ತು ಅಂತೀರಿ. ತರಬಹುದಿತ್ತು. ಮತ್ತೆ ತುಂಬೋ ಹಮಾಲಿ ಯಾರು ಕೊಡ್ತಾರೆ? ಟ್ರ್ಯಾಕ್ಟರ್ ಬಾಡಿಗೆ? ಒಣಗಿಸೋ ಕಣ ಎಲ್ಲಿದೆ? ಕಣ ಮಾಯವಾಗಿಯೇ ಎಲ್ಲರೂ ಟಾರ್ ರೋಡಿಗೆ ಬಂದಿದ್ದು. ತೆಳ್ಳಗೆ ಹರಡಿ, ಗಂಟೆಗೊಮ್ಮೆ ಕೈಯಾಡಿಸಿ, ಸಂಜೆ ತಾಡಪಾಲು ಮುಚ್ಚಿದರೆ ಮೂರ್ನಾಲ್ಕು ಬಿಸಿಲು ಸಾಕು. ನಡುವೆ ಒಂದು ಮೋಡ ಬಂತೋ, ಮೊದಲಿಂದ ಶುರು. ಅಡಮಾನ ಸಾಲ ತಗೊಂಡು ಗೋದಾಮಿನಲ್ಲಿ ಇಡಿ ಅಂತ ಬುದ್ಧಿ ಹೇಳೋರಿದ್ದಾರೆ. ಗೋದಾಮಿಗೂ ಒಣಗಿದ ಮಾಲೇ ಬೇಕು ಸ್ವಾಮಿ!

ಖರೀದಿದಾರನ ಕಷ್ಟವೂ ಸುಳ್ಳಲ್ಲ, ಅದನ್ನೂ ಹೇಳಿಬಿಡ್ತೀನಿ. ತೇವ ಹೆಚ್ಚಿದ್ದ ಮಾಲು ರಾಶಿ ಹಾಕಿದರೆ ಕಾಯುತ್ತೆ, ಬೂಸ್ಟು ಹಿಡಿಯುತ್ತೆ, ಕೋಳಿ ಆಹಾರದ ಫ್ಯಾಕ್ಟರಿಯವರು ವಿಷ ಅಂತ ಲಾರಿ ವಾಪಸ್ ಕಳಿಸ್ತಾರೆ. ಅವನೂ ಅಲ್ಲಿ ಇನ್ನೊಬ್ಬನ ಮೀಟರ್ ಮುಂದೆ ಕೈ ಕಟ್ಟಿ ನಿಲ್ಲೋನೇ. ಹಾಗಂತ ಆ ಭಯವನ್ನೆಲ್ಲ ಯಜ್ಜನ ಚೀಲದಿಂದ ವಸೂಲು ಮಾಡೋದಾ?

ಇನ್ನು ಬೆಂಬಲ ಬೆಲೆ. 2025-26ಕ್ಕೆ ಗೋವಿನಜೋಳಕ್ಕೆ ಕ್ವಿಂಟಲಿಗೆ 2,400 ಅಂತ ಘೋಷಣೆ ಆಗಿತ್ತು. ಯಾರ ಬೆಂಬಲ, ಯಾವ ಬೆಲೆ? ಖಾಸಗಿಯವನು ಅದಕ್ಕಿಂತ ಕಡಿಮೆಗೆ ಕೊಂಡರೆ ತಪ್ಪು ಅನ್ನೋ ಕಾನೂನಿಲ್ಲ. ಪೆಟ್ರೋಲಿಗೆ ಬೆರೆಸೋ ಎಥೆನಾಲ್ ಬಂತು, ಇನ್ನು ಗೋವಿನಜೋಳ ಬಂಗಾರ ಅಂದರು. ಒಂದು ಕ್ವಿಂಟಲಿಂದ ಸುಮಾರು 38 ಲೀಟರ್ ಬರುತ್ತೆ, ಗೋವಿನಜೋಳದ ಎಥೆನಾಲಿಗೆ ತೈಲ ಕಂಪನಿಗಳ ದರ 2024-25ರಲ್ಲಿ ಲೀಟರಿಗೆ 71.86 ಇತ್ತು. ಗುಣಿಸಿ ನೋಡಿ, 2,730. ಉಳಿದ ಹಿಂಡಿ ಬೇರೆ ಮಾರಿಕೊಳ್ತಾರೆ. ಕಾರ್ಖಾನೆ ಖರ್ಚಿದೆ ಒಪ್ಪಿದೆ. ಆದರೆ ಈ ಕಡೆ ಗೋವಿನಜೋಳ ಬಿತ್ತಿಸಿ, ಆ ಕಡೆ 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆಹಾರ ನಿಗಮದ ಅಕ್ಕಿಯ ದರವನ್ನ ಎಥೆನಾಲಿಗೆ ಅಂತ ಕ್ವಿಂಟಲಿಗೆ 2,800ರಿಂದ 2,250ಕ್ಕೆ ಇಳಿಸಿತು. ಅಕ್ಕಿ! ಗೋವಿನಜೋಳದ ಆ 2,400ಕ್ಕಿಂತ ಅಗ್ಗ! ಉಗ್ರಾಣದ ಬಾಗಿಲಲ್ಲಿ ಅಕ್ಕಿ ಸಿಗುವಾಗ ಡಿಸ್ಟಿಲರಿಯವನು ಯಜ್ಜನ ಹಿಂದೆ ಯಾಕೆ ಬರ್ತಾನೆ?

ಇಷ್ಟೆಲ್ಲ ಗೊತ್ತಿರೋ ಮಹಾಪಂಡಿತ ನಾನು ಅಲ್ಲಿ ನಿಂತು ಏನು ಕಡಿದು ಕಟ್ಟೆ ಹಾಕಿದೆ? ಮೊಬೈಲ್ ತೆಗೆದು 83 ಭಾಗಿಸು 0.86 ಮಾಡಿದೆ. ಉತ್ತರ ಬರೋ ಹೊತ್ತಿಗೆ ಚೀಲ ತಕ್ಕಡಿ ದಾಟಿ ಲಾರಿ ಹತ್ತಿತ್ತು. ದಶಾಂಶ ಬಿಂದು ಹಿಡ್ಕೊಂಡು ಯಾರ ಜೊತೆ ಜಗಳ ಮಾಡ್ಲಿ? ಹೋಗಲಿ ಬಿಡಿ, ಪ್ರತಿ ವರ್ಷದ್ದೇ ಇದು.

ಇಲ್ಲ, ಯಾಕೆ ಬಿಡಬೇಕು? ಯಾರಾದರೂ ಉತ್ತರ ಕೊಡಿ. ತಕ್ಕಡಿಗೆ ವರ್ಷ ವರ್ಷ ಬಂದು ಮುದ್ರೆ ಒತ್ತುತ್ತಾರೆ. ಆ ಮೀಟರಿಗೆ ಮುದ್ರೆ ಒತ್ತಿದವರು ಯಾರು? ಕೊನೆಯ ಸಲ ಯಾವಾಗ ತಾಳೆ ನೋಡಿದ್ದು? ಟೆಂಡರ್ ರೇಟು ಕಂಪ್ಯೂಟರಲ್ಲಿ 1,850 ಅಂತಲೇ ಕೂತಿದೆ, ಕೈಗೆ ಬಂದ ಬಿಳಿ ಚೀಟಿಯಲ್ಲಿ 1,680. ಎರಡನ್ನೂ ಪಕ್ಕ ಇಟ್ಟು ನೋಡೋ ಅಧಿಕಾರಿ ಯಾರು? ಸೂಟು ಯಾವ ನಿಯಮದಲ್ಲಿದೆ, ಪುಟ ತೋರಿಸಿ.

ಮಾರಲು ಹೋಗೋರಿಗೆ ಒಂದು ಮಾತು: ಒಣಗಿದ ಗಾಜಿನ ಬಾಟಲಿಗೆ ಸ್ವಲ್ಪ ಒಣ ಪುಡಿ ಉಪ್ಪು, ಅದಕ್ಕಿಂತ ಹೆಚ್ಚು ಕಾಳು ಹಾಕಿ, ಮುಚ್ಚಿ, ಚೆನ್ನಾಗಿ ಕುಲುಕಿ. ಉಪ್ಪು ಗಾಜಿಗೆ ಅಂಟಿದರೆ ತೇವ ಸುಮಾರು 15ರ ಮೇಲಿದೆ, ಅಂಟದಿದ್ದರೆ ಕೆಳಗಿದೆ. ಆ ಹುಡುಗ ಒಪ್ಪಲ್ಲ ಬಿಡಿ, ಮನೆ ಬಿಡೋ ಮುಂಚೆ ನಿಮಗಾದರೂ ಗೊತ್ತಿರಲಿ.

ಮಾರುಕಟ್ಟೆಯವರಿಗೆ ನಾನು ಕೇಳೋದು ಒಂದು ಗೋಡೆ. ಕ್ವಿಂಟಲಿಗೆ 15 ತೇವಕ್ಕೆ 1.2 ಕೆಜಿ, 16ಕ್ಕೆ 2.3, 17ಕ್ಕೆ 3.5, 18ಕ್ಕೆ 4.7, ಇದಕ್ಕಿಂತ ಒಂದು ಗ್ರಾಂ ಹೆಚ್ಚು ಕಡಿಯಂಗಿಲ್ಲ, ಅಂತ ತೂಕದ ಕಟ್ಟೆ ಎದುರಿಗೆ ಬರೆಸಬೇಕು. ಪೇಂಟ್ ನಾನೇ ಕೊಡಿಸ್ತೀನಿ. ಗೋಡೆ ಯಾವಾಗ ಕೊಡ್ತೀರಿ ಹೇಳಿ.