ಮ್ಯಾಚಿಂಗ್ ರ‍್ಯಾಮ್

ನಮ್ಮ ಮನೆಯ ಕಂಪ್ಯೂಟರಿನ ಗುಂಡಿ ಒತ್ತಿ, ಒಳಗೆ ಹೋಗಿ ಹಾಲು ಕಾಯಿಸಿ, ಕಾಫಿ ಬೆರೆಸಿ, ಕುಡಿದು, ಲೋಟ ತೊಳೆದು ಬೋರಲು ಹಾಕಿ ಬರುವಷ್ಟರಲ್ಲಿ ಅದು ಕಣ್ಣು ಬಿಡುತ್ತಿತ್ತು. 2010ರಲ್ಲಿ ಕೊಂಡದ್ದು, 2 ಜಿಬಿ ರ‍್ಯಾಮ್. ಆಗ ಅದೇ ಶ್ರೀಮಂತಿಕೆ. 2018ರ ಹೊತ್ತಿಗೆ ಏನನ್ನು ತೆರೆದರೂ ಡಬ್ಬದೊಳಗೆ ಯಾರೋ ಕಡಲೆ ಹುರಿಯುವಂಥ ಸದ್ದು.

“ಏನು ಸದ್ದು ಅದು?” ಎಂದಳು ಹೆಂಡತಿ.

ನಾನು ಉತ್ಸಾಹದಿಂದ ವಿವರಿಸಿದೆ. ರ‍್ಯಾಮ್ ಎಂದರೆ ಅಡುಗೆಮನೆಯ ಕಟ್ಟೆ, ಹಾರ್ಡ್ ಡಿಸ್ಕ್ ಎಂದರೆ ಉಗ್ರಾಣ. ಕಟ್ಟೆಯ ಮೇಲೆ ಜಾಗವಿಲ್ಲದಿದ್ದರೆ ಪ್ರತಿಯೊಂದನ್ನೂ ಉಗ್ರಾಣಕ್ಕೆ ಒಯ್ದಿಟ್ಟು ಮತ್ತೆ ತರಬೇಕು. ಆ ಓಡಾಟದ ಸದ್ದು ಅದು.

“ಹಾಗಾದರೆ ಕಟ್ಟೆಯ ತುಂಬ ಪಾತ್ರೆ ಹರಡಿಕೊಂಡವರು ಯಾರು?”

ಬ್ರೌಸರಿನಲ್ಲಿ ಮೂವತ್ತನಾಲ್ಕು ಪುಟಗಳು ತೆರೆದೇ ಇದ್ದವು. ನಾನು ವಿಷಯ ಬದಲಿಸಿ, ಹೊಸ ರ‍್ಯಾಮ್ ತರಲು ಶನಿವಾರ ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರಸ್ತೆಗೆ ಹೋಗುವುದೆಂದು ಘೋಷಿಸಿದೆ. ಹೇಗೂ ಚಿಕ್ಕಪೇಟೆ ಪಕ್ಕದಲ್ಲೇ, ತಾನೂ ಬರುತ್ತೇನೆ, ಒಂದು ರವಿಕೆ ಕಣ ಬೇಕು ಎಂದಳು.

ಮೆಟ್ರೋದಲ್ಲಿ ಅವಳ ಮಡಿಲಲ್ಲಿ ಒಂದು ಚೀಲವಿತ್ತು. ಅದರಲ್ಲಿ ರಾಮಾ ಹಸಿರು ಬಣ್ಣದ ಸೀರೆ. ನನ್ನ ಕೈ ಖಾಲಿ.

“ರೀ, ಹಳೆಯ ರ‍್ಯಾಮ್ ತಂದಿಲ್ಲವೇ? ಮ್ಯಾಚ್ ಆಗಬೇಡವೇ?”

“ಇದೇನು ರವಿಕೆ ಕಣವೇ?” ಎಂದು ನಕ್ಕೆ. ಆ ನಗೆಗೆ ಆಮೇಲೆ ಬಡ್ಡಿ ಸಮೇತ ತೆತ್ತೆ.

ಎಸ್.ಪಿ. ರಸ್ತೆಯಲ್ಲಿ ಅಂಗಡಿಯೆಂದರೆ ಗೋಡೆಯಲ್ಲೊಂದು ಗೂಡು. ಆಳೆತ್ತರ ಪೇರಿಸಿದ ಕೀಬೋರ್ಡುಗಳ ಸಂದಿಯಿಂದ ಒಬ್ಬ ತರುಣ ಕತ್ತು ಚಾಚಿದ. “8 ಜಿಬಿ ರ‍್ಯಾಮ್ ಕೊಡಿ” ಎಂದೆ, ಎಂಟು ಕಿಲೋ ಸೋನಾ ಮಸೂರಿ ಕೇಳುವ ಧಾಟಿಯಲ್ಲಿ.

“ಡೆಸ್ಕ್‌ಟಾಪಿಗೋ ಲ್ಯಾಪ್‌ಟಾಪಿಗೋ ಸರ್? ಡಿಡಿಆರ್ 3ಓ, 4ಓ? ಬಸ್ ಎಷ್ಟು?”

ಮೆಟ್ರೋದಲ್ಲಿ ಬಂದೆ ಎನ್ನಲು ಬಾಯಿ ತೆರೆದವನು ಹೇಗೋ ತಡೆದುಕೊಂಡೆ. ಬಸ್ ಎಂದರೆ ಅವರ ಭಾಷೆಯಲ್ಲಿ ರ‍್ಯಾಮಿನ ವೇಗವಂತೆ, ಡಿಡಿಆರ್ ಮುಂದಿನ ಅಂಕಿ ಅದರ ತಲೆಮಾರಂತೆ. ಹಿಂದೆ ನಾಲ್ಕು ಜನ ಸರದಿಯಲ್ಲಿ ನಿಂತು ನಿಟ್ಟುಸಿರು ಬಿಡುತ್ತಿದ್ದರು. ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ? “ನಾಲ್ಕೇ ಕೊಡಿ” ಎಂದೆ. ಆ ಕಾಲದಲ್ಲಿ ರ‍್ಯಾಮಿನ ಬೆಲೆ ಎರಡು ವರ್ಷದಿಂದ ಏರುತ್ತಲೇ ಬಂದಿತ್ತು. ಅವನು ಹೇಳಿದ ದರ ಕೇಳಿ, ಪಕ್ಕದ ಬೀದಿಯ ಚಿನ್ನದಂಗಡಿಗೆ ತಪ್ಪಿ ಬಂದೆನೇನೋ ಎನಿಸಿತು.

ಮನೆಗೆ ಬಂದು ಡಬ್ಬ ಬಿಚ್ಚಿದೆ. ರ‍್ಯಾಮ್ ಕೂರಲಿಲ್ಲ. ತಿರುಗಿಸಿ ಇಟ್ಟೆ. ಕೂರಲಿಲ್ಲ. ಹಳೆಯದನ್ನು ಕಿತ್ತು ಪಕ್ಕದಲ್ಲಿ ಹಿಡಿದಾಗ ಗುಟ್ಟು ಬಯಲಾಯಿತು. ಡಿಡಿಆರ್ 3ಕ್ಕೆ ಚಿನ್ನದ ಹಲ್ಲು 240, ಡಿಡಿಆರ್ 4ಕ್ಕೆ 288. ನಡುವಿನ ಕಚ್ಚು ಕೂಡ ಬೇರೆ ಬೇರೆ ಜಾಗದಲ್ಲಿ. ಒಂದು ಕುಡಿಯುವುದು 1.5 ವೋಲ್ಟ್, ಇನ್ನೊಂದು 1.2, ಅದಲುಬದಲಾಗಿ ಕೂರಿಸಲು ಯಾರಿಂದಲೂ ಆಗಬಾರದೆಂದೇ ಆ ಕಚ್ಚು. ನನ್ನಂಥವರು ಹುಟ್ಟುತ್ತಾರೆಂದು ಅದನ್ನು ಮಾಡಿದವರಿಗೆ ಗೊತ್ತಿತ್ತು.

ಅತ್ತ ಮಂಚದ ಮೇಲೆ ರಾಮಾ ಹಸಿರು ಸೀರೆಯ ಪಕ್ಕದಲ್ಲಿ ರಾಮಾ ಹಸಿರು ಕಣ. ಎಲ್ಲಿ ಸೀರೆ ಮುಗಿದು ಎಲ್ಲಿ ಕಣ ಶುರುವಾಯಿತೆಂದು ಹೇಳಲಾಗದಂತೆ ಹೊಂದಿತ್ತು. ಅವಳು ಏನೂ ಮಾತಾಡಲಿಲ್ಲ. ಕಣವನ್ನು ಇನ್ನೊಮ್ಮೆ ಮಡಿಸಿದಳು, ಅಷ್ಟೇ.

ಮುಂದಿನ ಶನಿವಾರ ಹಳೆಯ ರ‍್ಯಾಮನ್ನು ಜೇಬಿನಲ್ಲಿಟ್ಟುಕೊಂಡು ಒಬ್ಬನೇ ಹೋದೆ. ತರುಣ ಅದನ್ನು ಬಾಗಿಲಿನ ಬೆಳಕಿಗೆ ಹಿಡಿದು, ಹೊಸದೊಂದನ್ನು ಪಕ್ಕಕ್ಕಿಟ್ಟು, ಕಣ್ಣು ಕಿರಿದು ಮಾಡಿ ನೋಡಿದ. ಥೇಟ್ ಮ್ಯಾಚಿಂಗ್ ಸೆಂಟರಿನ ನೋಟ! ಚೀಟಿಯ ಮೇಲೆ ‘ಪಿಸಿ3-10600’ ಎಂದಿತ್ತು. “ಡಿಡಿಆರ್ 3, 1333 ಬಸ್” ಎಂದ ತಕ್ಷಣ. ಹೇಗೆ ತಿಳಿಯಿತೆಂದರೆ, 1333ನ್ನು ಎಂಟರಿಂದ ಗುಣಿಸಿ ಚಿಲ್ಲರೆ ಬಿಟ್ಟರೆ 10600 ಬರುತ್ತದಂತೆ. ಎಂಟು ವರ್ಷದಿಂದ ಉತ್ತರ ನನ್ನ ಮನೆಯಲ್ಲೇ ಧೂಳು ತಿನ್ನುತ್ತಿತ್ತು. ಮೇಲೆ ಒಂದಿಷ್ಟು ಹಣ ಕಟ್ಟಿಸಿಕೊಂಡು, ತಲಾ 4 ಜಿಬಿಯ ಎರಡು ಬದಲಿ ಕೊಟ್ಟ.

ಕೂರಿಸಿ ಗುಂಡಿ ಒತ್ತಿದರೆ ಪರದೆ ಕಪ್ಪು. ಡಬ್ಬ ಮಾತ್ರ ಬೀಪ್, ಬೀಪ್ ಎಂದು ಗೋಳಿಡತೊಡಗಿತು. ಕೆಳಗಿನ ಮನೆಯ ಹತ್ತನೇ ತರಗತಿಯ ಹುಡುಗ ಬಂದ. “ಅಂಕಲ್, ಸರಿಯಾಗಿ ಒತ್ತಿಯೇ ಇಲ್ಲ” ಎಂದು ಎರಡೂ ಹೆಬ್ಬೆರಳು ಊರಿ ಒತ್ತಿದ. ಬೋರ್ಡು ಬಿಲ್ಲಿನಂತೆ ಬಾಗಿತು. ನಾನು ಕಣ್ಣು ಮುಚ್ಚಿಕೊಂಡೆ. ಟಕ್, ಟಕ್. ಎರಡೂ ಬದಿಯ ಕೊಂಡಿಗಳು ತಾವಾಗಿಯೇ ಎದ್ದು ಹಿಡಿದುಕೊಂಡವು. ಕೂಸಿನ ಕೆನ್ನೆ ಮುಟ್ಟಿದಂತೆ ಮುಟ್ಟಿದ್ದು ನನ್ನ ತಪ್ಪು.

ಯಂತ್ರ ಎದ್ದಿತು. ಹೆಂಡತಿಯನ್ನು ಕರೆದು, ಪರದೆಯ ಮೇಲೆ 8 ಜಿಬಿ ಎಂದಿದ್ದ ಸಾಲನ್ನು ಹೆಮ್ಮೆಯಿಂದ ತೋರಿಸಿದೆ. ಅವಳು ಕನ್ನಡಕ ಏರಿಸಿ ಅದರ ಪಕ್ಕದ ಕಂಸವನ್ನೂ ಓದಿದಳು. ಬಳಕೆಗೆ ಸಿಗುವುದು 3.24 ಜಿಬಿ ಎಂದಿತ್ತು ಅಲ್ಲಿ.

“ಅದು 32 ಬಿಟ್ ವಿಂಡೋಸ್ ಅಂಕಲ್” ಎಂದ ಹುಡುಗ. “ಅದಕ್ಕೆ ನಾಲ್ಕರ ಮೇಲೆ ಎಣಿಸಲು ಬರುವುದಿಲ್ಲ. ಅದರಲ್ಲೂ ಒಂದು ಪಾಲು ಗ್ರಾಫಿಕ್ಸ್ ಮುಂತಾದವಕ್ಕೆ ಹೋಗುತ್ತದೆ. 64 ಬಿಟ್ ಹಾಕಬೇಕಾದರೆ ಎಲ್ಲ ಅಳಿಸಿ ಮೊದಲಿನಿಂದ ಶುರು ಮಾಡಬೇಕು.”

“ಅಂದರೆ ಎಂಟು ಮೀಟರ್ ಬಟ್ಟೆ ತಂದು ಮೂರೂಕಾಲು ಮೀಟರಿನಲ್ಲಿ ಹೊಲಿಸಿದ ಹಾಗಾಯಿತು” ಎಂದಳು ಹೆಂಡತಿ. ಆಮೇಲೆ ನಿಜವಾದ ಕಾಳಜಿಯಿಂದಲೇ ಕೇಳಿದಳು: “ಉಳಿದದ್ದನ್ನು ವಾಪಸ್ ತೆಗೆದುಕೊಳ್ಳುತ್ತಾನೋ, ಇಲ್ಲ ಅವನೂ ಕತ್ತರಿಸಿದ ಮೇಲೆ ವಾಪಸ್ ಇಲ್ಲ ಎಂದು ಬೋರ್ಡು ಹಾಕಿಕೊಂಡಿದ್ದಾನೋ?”