ಅಜ್ಜಿಯ ಅಳತೆ

ಅಜ್ಜಿ ಹೋಗಿ ತಿಂಗಳಾಯ್ತು. ತಿಥಿ ಊಟಕ್ಕೆ ಬಂದವರದ್ದೆಲ್ಲ ಒಂದೇ ಮಾತು, "ಮನೆಗಾಗಿ ಜೀವ ತೇಯ್ದ ಹೆಂಗಸು. ತನಗೆ ಅಂತ ಒಂದು ದಿನ ಏನೂ ಕೇಳಲಿಲ್ಲ." ಮೊದಲನೇದು ನಿಜ. ಎರಡನೇದು ಶುದ್ಧ ಸುಳ್ಳು. ಅಜ್ಜಿ ಕೇಳಿದ್ದಳು.

ಅವಳ ತವರು ಸಾಗರದ ಕಡೆ, ಕಾಗೋಡಿನ ಆಸುಪಾಸು. ದೀವರ ಸಮುದಾಯದ ಮನೆ, ಗೇಣಿ ಬೇಸಾಯ. 1951ರಲ್ಲಿ ಕಾಗೋಡಿನ ಗೇಣಿದಾರರು ಒಡೆಯರ ಎದುರು ನಿಂತಾಗ ಇನ್ನೂ ಲಂಗ ಹಾಕುವ ಹುಡುಗಿ. ರೈತ ನಾಯಕ ಗಣಪತಿಯಪ್ಪನವರು ಮುಂದೆ ನಿಂತದ್ದು, ಸಮಾಜವಾದಿ ನಾಯಕ ಲೋಹಿಯಾ ಬಂದು ಅರೆಸ್ಟ್ ಆದದ್ದು ನಾವು ಓದಿ ತಿಳಿದದ್ದು. ಅಜ್ಜಿಗೆ ನೆನಪಿದ್ದದ್ದು ಕೊಳಗ. ಗೇಣಿ ಬತ್ತ ಅಳೆಯಲು ಒಡೆಯರು ಹಿಗ್ಗಿಸಿಟ್ಟ ಕೊಳಗದ್ದೇ ಅಲ್ವಾ ಆ ಜಗಳ? "ನಮ್ಮಪ್ಪ ಅಳೆದು ಅಳೆದು ಹಾಕ್ತಿದ್ದ. ಕಣಜ ಖಾಲಿ ಆದ್ರೂ ಗೇಣಿ ತೀರ್ತಿರ್ಲಿಲ್ಲ" ಅನ್ನುತ್ತಿದ್ದಳು.

ಅದಕ್ಕೇ ಇರಬೇಕು, ಅಳತೆ ಅಂದರೆ ಅಜ್ಜಿ ಬಲು ಖಡಕ್. ಪಕ್ಕದ ಮನೆಗೆ ಸೇರು ಅಕ್ಕಿ ಕಡ ಕೊಡುವಾಗ ಮೇಲೆ ಗೋಪುರ ಕಟ್ಟಿ, ಅಂಗೈ ಅಡ್ಡ ಹಿಡಿದು, ಒಂದು ಕಾಳೂ ಚೆಲ್ಲದ ಹಾಗೆ ಅವರ ಮೊರಕ್ಕೆ ಸುರಿಯುತ್ತಿದ್ದಳು. ವಾಪಸ್ ಬರುವಾಗ ಸೇರಿನ ಬಾಯಿಗೆ ಸಮ ಇದ್ದರೂ ಸುಮ್ನೆ ತಗೊಳ್ಳುವಳು. ಆದರೆ ಸಂತೆಯಲ್ಲಿ ತಕ್ಕಡಿ ಒಂಚೂರು ವಾಲಿತೋ, ಮುಗೀತು. ಅಂಗಡಿಯವನ ಅಪ್ಪನ ಕಾಲದ ಲೆಕ್ಕವೂ ಹೊರಗೆ ಬರುತ್ತಿತ್ತು. ಜೊತೆಗಿದ್ದ ನಮಗೆ ತಲೆ ತಗ್ಗಿಸಿ ಸಾಕಾಗುತ್ತಿತ್ತು.

ಪ್ರೀತಿಯ ಬಗ್ಗೆ ಜಾಸ್ತಿ ಬರೆಯಲ್ಲ. ಜಡಿಮಳೆಯಲ್ಲಿ ನೆನೆದು ಬಂದರೆ ಬಚ್ಚಲೊಲೆ ಮುಂದೆ ಕೂರಿಸಿ, ಬೈಯುತ್ತಾ ತಲೆ ಒರೆಸುತ್ತಿದ್ದಳು. ಮಲೆನಾಡಲ್ಲಿ ಬೆಳೆದವರಿಗೆ ಅಷ್ಟು ಹೇಳಿದರೆ ಸಾಕು.

ಅವಳ ಕೈ ನೋಡಬೇಕಿದ್ದರೆ ಗದ್ದೆಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹಬ್ಬಕ್ಕೆ ಬರಬೇಕಿತ್ತು. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕಡ್ಡಿಯನ್ನು ಅಕ್ಕಿ ಹಿಟ್ಟಿನ ಬಿಳಿ ಬಣ್ಣದಲ್ಲಿ ಅದ್ದಿ ಗೆರೆ ಎಳೆಯಲು ಕೂತರೆ ಮನೆಯಲ್ಲಿ ಯಾರೂ ಉಸಿರೆತ್ತುವ ಹಾಗಿಲ್ಲ. ಒಂದು ಎಳೆ ಓರೆಯಾದರೆ ಅಷ್ಟನ್ನೂ ಒರೆಸಿ ಮತ್ತೆ ಶುರು. "ಗೆರೆ ನಡುಗಿದ್ರೆ ಬತ್ತ ನಗ್ತದೆ" ಅಂತ ಸೊಸೆಯಂದಿರಿಗೆ ಗದರಿಕೆ ಬೇರೆ. ಈಗ ಚಿತ್ತಾರ ಅಂತ ಫ್ರೇಮ್ ಹಾಕಿಸಿ ಮಾರುತ್ತಾರೆ. ಮಾರಲಿ, ಒಳ್ಳೇದೇ. ಅಜ್ಜಿಯ ಬುಟ್ಟಿ ಮಾತ್ರ ಅಡುಗೆ ತುಂಬಿಕೊಂಡು ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗುತ್ತಿತ್ತು. ಹೊರುವವನು ಅಜ್ಜ. ಬಸುರಿ ಭೂಮಿಗೆ ಬಯಕೆ ಊಟ ಬೇಯಿಸಲು ರಾತ್ರಿಯಿಡೀ ಎದ್ದಿದ್ದವಳು ಅಜ್ಜಿ.

ಆ ಗದ್ದೆ ನಮ್ಮದಾಗಿದ್ದು 1974ರ ಭೂಸುಧಾರಣೆ ಕಾನೂನಿನಿಂದ. ಉಳುವವನೇ ಹೊಲದೊಡೆಯ. ಅರ್ಜಿ ಹಾಕಿದ್ದು ಅಜ್ಜನ ಹೆಸರಲ್ಲಿ, ಪಹಣಿ ಬಂದದ್ದೂ ಅವನ ಹೆಸರಿಗೆ. ಉತ್ತವನು ಅಜ್ಜ ಸರಿ. ನಟ್ಟಿ ನೆಟ್ಟವಳು, ಕಳೆ ಕಿತ್ತವಳು, ಕೊಯ್ದವಳು? ಸರ್ವೆ ನಂಬರು, ಎಕರೆ, ಗುಂಟೆ ಎಲ್ಲ ಅಜ್ಜಿಯ ನಾಲಿಗೆ ತುದಿಯಲ್ಲಿತ್ತು. ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ಅಜ್ಜ ತೀರಿಕೊಂಡ ಮೇಲೆ ಖಾತೆ ಬದಲಾಯಿಸುವಾಗ ಅಪ್ಪ, ಚಿಕ್ಕಪ್ಪ ಕಾಗದ ತಂದು ಅವಳ ಮುಂದಿಟ್ಟರು. ಆಗಲೇ ಅವಳು ಕೇಳಿದ್ದು.

"ಗೆಯ್ಯಾಕೆ ನಾನು, ಪಹಣಿಗೆ ನೀವಾ?"

ಎಲ್ಲರೂ ನಕ್ಕರು. "ಈ ವಯಸ್ಸಲ್ಲಿ ನಿನಗ್ಯಾಕಮ್ಮ ಜಮೀನು, ನಾವಿಲ್ವಾ?" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೆಬ್ಬೆಟ್ಟು ಒತ್ತಿದಳು. ಅವಳ ಹೆಣ್ಣುಮಕ್ಕಳು, ನಮ್ಮ ಅತ್ತೆಯಂದಿರೂ ಪಾಲು ಬೇಡ ಅಂತ ಸಹಿ ಹಾಕಿದರು. ವಿಲ್ ಬರೆಯದೆ ಹಿಂದೂ ಗಂಡಸು ತೀರಿಕೊಂಡರೆ ಅವನ ಸ್ವಂತ ಆಸ್ತಿಯಲ್ಲಿ ಹೆಂಡತಿಗೂ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಅಂತ ಕಾನೂನು 1956ರಿಂದಲೇ ಇದೆ. ನಮ್ಮ ಊರುಗಳಲ್ಲಿ ಅದನ್ನು ಬಾಯಿಬಿಟ್ಟು ಕೇಳಿದರೆ ತವರಿನ ಬಾಗಿಲೇ ಮುಚ್ಚುತ್ತದೆ. ಬಾಗಿನದ ಜೊತೆ ಒಂದು ಸೀರೆ ಕೊಟ್ಟರೆ ಋಣ ತೀರಿತು ಅಂತ ಲೆಕ್ಕ. ಇದಕ್ಕಿಂತ ಆ ಹಿಗ್ಗಿದ ಕೊಳಗ ಎಷ್ಟೋ ವಾಸಿ, ಮೋಸ ಕಣ್ಣಿಗಾದರೂ ಕಾಣುತ್ತಿತ್ತು.

ಅಜ್ಜಿಯನ್ನು ದೇವರು ಮಾಡಿ ಗೋಡೆಗೆ ನೇತುಹಾಕುವುದು ಸುಲಭ. ಫೋಟೋ ಪಾಲು ಕೇಳಲ್ಲ. ಅತ್ತೆಯಂದಿರು ಇನ್ನೂ ಇದ್ದಾರೆ. ಅಪ್ಪನ ಜೊತೆ ಮಾತಾಡಿದ್ದೀನಿ, ಅರ್ಧ ಒಪ್ಪಿದ್ದಾರೆ. ಚಿಕ್ಕಪ್ಪ ಫೋನ್ ಎತ್ತುತ್ತಿಲ್ಲ. ಫೇಸ್‌ಬುಕ್ ಮಾತ್ರ ದಿನಾ ನೋಡುತ್ತಾರೆ, ಅದಕ್ಕೇ ಇಲ್ಲಿ ಬರೆದೆ.