ಡಿ ಬ್ರೌನ್ ಸರಣಿ: ಮೊದಲು ಎಣಿಸಿದವರು ಬೇರೆಯವರು

00010111 ಎಂಬುದನ್ನು ವೃತ್ತವಾಗಿ ಬರೆದು ಮೂರು ಮೂರು ಅಂಕಿ ಓದುತ್ತಾ ಹೋಗಿ. 000, 001, 010, 101, 011, 111, 110, 100. 0 ಮತ್ತು 1ರಿಂದ ಆಗುವ ಮೂರಂಕಿಯ ಎಂಟೂ ಜೋಡಣೆಗಳು ಒಂದೊಂದೇ ಸಲ ಬರುತ್ತವೆ, ಎಷ್ಟು ಚೆಂದ ಅಲ್ವಾ? ಇಂಥದ್ದಕ್ಕೇ ಡಿ ಬ್ರೌನ್ ಸರಣಿ ಎನ್ನುತ್ತಾರೆ. ಇಂಥ ಸರಣಿಗಳು ಎಷ್ಟಿವೆ ಎಂದು ಮೊದಲು ಲೆಕ್ಕ ಹಾಕಿದ್ದು ಡಚ್ ಗಣಿತಜ್ಞ ನಿಕೊಲಾಸ್ ಡಿ ಬ್ರೌನ್ (1918–2012), ಅದೂ 1946ರಲ್ಲಿ ಎಂಬ ಮಾತು ಓಡಾಡುತ್ತಿದೆ. ಅದು ಸರಿಯಲ್ಲ. ಫ್ರಾನ್ಸಿನ ಕಮಿಲ್ ಫ್ಲೈ ಸೆಂತ್-ಮಾರಿ 1894ರಲ್ಲೇ ಇದನ್ನು ಸಾಧಿಸಿದ್ದರು.

ಹಾಗಂತ ಡಿ ಬ್ರೌನ್ ಕದ್ದರು ಅನ್ನುವುದು ಇನ್ನೂ ದೊಡ್ಡ ತಪ್ಪು. ಫಿಲಿಪ್ಸ್‌ನ ಎಂಜಿನಿಯರ್ ಪೋಸ್ತುಮುಸ್ ಊಹಿಸಿದ್ದ ಲೆಕ್ಕವನ್ನು ಅವರು ಸ್ವಂತವಾಗಿ ಸಾಧಿಸಿದರು. ಹಳೆಯ ಕೆಲಸ ಗೊತ್ತಾದ ಮೇಲೆ ಸುಮ್ನೆ ಕೂರಲಿಲ್ಲ. ಮೊದಲಿಗರು ಸೆಂತ್-ಮಾರಿ ಎಂದು 1975ರಲ್ಲಿ ತಾವೇ ಬರೆದು ಪ್ರಕಟಿಸಿದರು.